ಬಾರದವರಿಗೊಂದು ಸುದ್ದಿ

ಸಕಲೇಶಪುರ
18-11-1983, ಶುಕ್ರವಾರ

ಪ್ರೀತಿಯ ಸುಮಿ,

ತಿಪಟೂರಿನಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳಿಬ್ಬರು ಎಲ್ಲರೂ ಸೌಖ್ಯವೆಂದು ನಂಬಿ ಬರೆಯುತ್ತಿದ್ದೇನೆ. ಗೌರಿ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಉತ್ತರ ಈಗ ಬರುತ್ತಿದೆ. ಬೈದುಕೋ, ಪರವಾಗಿಲ್ಲ. ಅಲ್ಲಿಂದ ಬೈದರೆ ನನಗೆ ಹೇಗೂ ಕೇಳಿಸುವುದಿಲ್ಲ. ಆದರೆ ತಡವಾದದ್ದಕ್ಕೆ ಕಾರಣ ಇದೆ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಹರಟೆ ಹೊಡೆಯೋಣ.

ಮಳೆಗಾಲವಿಡೀ ಕೆಮ್ಮಿದೆ. ನಮ್ಮ ವೆರೋನಿಕಾ ಚಿಕ್ಕಮ್ಮ ಶುಂಠಿ, ಕಾಳುಮೆಣಸು, ತುಳಸಿ ಅಂತ ಅಡಿಗೆಮನೆಯಲ್ಲಿ ಇರುವುದನ್ನೆಲ್ಲ ಕುದಿಸಿ ಕುಡಿಸಿದಳು. ಸೆಪ್ಟೆಂಬರಿನಲ್ಲಿ ಹಾಸನಕ್ಕೆ ಹೋಗಿ ಎದೆಯ ಫೋಟೋ ತೆಗೆಸಿದಾಗ ಗೊತ್ತಾಯಿತು, ಕ್ಷಯ. ಗಾಬರಿಯಾಗಬೇಡ. ಈಗ ಅದಕ್ಕೆ ಒಳ್ಳೆಯ ಔಷಧಿ ಬಂದಿದೆ. ದಿನಾ ಇಂಜೆಕ್ಷನ್, ಬೊಗಸೆ ತುಂಬ ಮಾತ್ರೆ, ಎರಡು ಮೊಟ್ಟೆ. ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದೇನೆ. ಹೋದ ವಾರ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, "ಇನ್ನು ನಿಮ್ಮಿಂದ ಯಾರಿಗೂ ಅಂಟುವುದಿಲ್ಲ, ಧೈರ್ಯವಾಗಿ ಓಡಾಡಿ" ಅಂದರು. ಓಡಾಡುವುದಕ್ಕೆ ನಾನೇನೋ ತಯಾರು. ಆದರೆ ಡಾಕ್ಟರು ಹೇಳಿದ್ದು ನನಗೆ ಮಾತ್ರ, ಊರಿಗಲ್ಲ. ಹಾಲು ತರುವ ದೇವೀರಮ್ಮ ಒಬ್ಬಳು ಮಾತ್ರ ಸೀದಾ ಹಿತ್ತಲ ಬಾಗಿಲಿಗೆ ಬಂದು ಕೂರುತ್ತಾಳೆ. "ಬರೋದು ಬಂದ್ರೆ ಬಾಗ್ಲು ತಟ್ಕಂಡು ಬತ್ತದಾ ಕಣವ್ವ? ನಂಗೇನಾಯ್ತದೆ?" ಅನ್ನುತ್ತಾಳೆ. ಅವಳು ಬಂದುಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತದೆ.

ಸರಿ, ಈಗ ವಿಷಯಕ್ಕೆ ಬರುತ್ತೇನೆ. ಕಾಲೇಜು ರೇಡಿಯೋಗೆ ಬರುವ ವರ್ಷ ಹತ್ತು ತುಂಬುತ್ತದೆ. ಅದರ ಚರಿತ್ರೆ ಬರೆದುಕೊಡಿ, ಕಾಲೇಜು ಸಂಚಿಕೆಯಲ್ಲಿ ಹಾಕುತ್ತೇವೆ ಅಂತ ಹುಡುಗರು ನನಗೆ ಕಾಗದ ಬರೆದಿದ್ದಾರೆ. ಕಾಲೇಜು ನಮ್ಮ ಮನೆಯ ಕಿಟಕಿಗೆ ನೇರ, ಹೊಳೆಯ ಆಚೆ ಗುಡ್ಡದ ಮೇಲೆ ಕಾಣುತ್ತದೆ. ಅಲ್ಲಿಂದ ಇಲ್ಲಿಗೆ ಅಂಚೆಯಲ್ಲಿ ಬಂತು. ಚರಿತ್ರೆ ಅಂದರೆ ನಾನೊಬ್ಬಳೇ ಹೇಗೆ ಬರೆಯಲಿ? ಶುರು ಮಾಡಿದವರಲ್ಲಿ ಮಾರ್ಟಿನ್ ಮಂಗಳೂರಿನಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟು ಮದುವೆಮನೆಗಳನ್ನು ಕಿವುಡು ಮಾಡುತ್ತಿದ್ದಾನೆ, ಉತ್ತರ ಬರೆಯುವ ಆಸಾಮಿಯಲ್ಲ. ಉಳಿದವಳು ನೀನು. ಆದ್ದರಿಂದ ನೆನಪಿದ್ದದ್ದನ್ನು ಇಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ, ನಿನ್ನ ಅಕ್ಷರದಲ್ಲೇ ಇನ್ನೊಮ್ಮೆ ಬರೆದು ನೀನೇ ಕಾಲೇಜಿಗೆ ಕಳಿಸು. ನನ್ನ ಅಕ್ಷರ ಕೆಟ್ಟಿದೆ.

ಮೊದಲನೆಯದು, ಅದು ರೇಡಿಯೋ ಅಲ್ಲ ಅನ್ನುವುದನ್ನು ಒಪ್ಪಿಕೊಂಡುಬಿಡಬೇಕು. ಭೌತಶಾಸ್ತ್ರದ ಲ್ಯಾಬಿನಲ್ಲಿ ಕಾಲೇಜು ಡೇಗೆಂದು ಕೊಂಡ ಆಂಪ್ಲಿಫೈಯರ್ ಬಟ್ಟೆ ಹೊದ್ದು ಮಲಗಿತ್ತು. ಮಾರ್ಟಿನ್ ಅದನ್ನು ಎಬ್ಬಿಸಿ, ಚಾವಣಿಯ ಮೇಲೆ ಒಂದು ಹಾರ್ನ್ ಸ್ಪೀಕರ್ ಕಟ್ಟಿ, ತಂತಿ ಎಳೆದ. ಸಂಜೆ ನಾಲ್ಕಕ್ಕೆ ಕ್ಲಾಸು ಬಿಟ್ಟ ಮೇಲೆ ಆಲೂರು, ಬೆಳಗೋಡು, ದೋಣಿಗಲ್ ಕಡೆಯವರೆಲ್ಲ ಗೇಟಿನ ಮುಂದೆ ಬಸ್ಸಿಗೆ ಕಾಯುತ್ತ ನಿಲ್ಲುತ್ತಿದ್ದರಲ್ಲ, ಅವರಿಗಾಗಿಯೇ ಅದು. ನೀನು ವಾರ್ತೆ ಓದುತ್ತಿದ್ದೆ, ನಾನು ಉಳಿದದ್ದನ್ನೆಲ್ಲ. ನನ್ನ ಕನ್ನಡದಲ್ಲಿ ಕೊಂಕಣಿಯ ಎಳೆತ ಇದೆಯೆಂದು ಹುಡುಗರು ಅಣಕಿಸುತ್ತಿದ್ದರು. ಆಮೇಲೆ ಅದೇ ಎಳೆತವನ್ನು ಅವರೂ ಕಲಿತರು. ರೇಡಿಯೋ ಲೈಸೆನ್ಸ್ ಕೊಡುವ ಪೋಸ್ಟ್ ಆಫೀಸಿನವರೊಬ್ಬರು ಬಂದು "ಈ ರೇಡಿಯೋಗೆ ಲೈಸೆನ್ಸ್ ಎಲ್ರೀ?" ಎಂದು ಕೇಳಿದ್ದು ನೆನಪಿದೆಯಾ? ಮಾರ್ಟಿನ್ ಕೈಮುಗಿದು, "ಸಾರ್, ಲೈಸೆನ್ಸ್ ಇರೋದು ಕೇಳೋ ರೇಡಿಯೋಗೆ. ಇದು ಬರೀ ಮಾತಾಡ್ತದೆ, ಏನೂ ಕೇಳಿಸ್ಕೊಳ್ಳಲ್ಲ" ಅಂದ. ಅವರು ಕಾಫಿ ಕುಡಿದು ನಗುತ್ತ ಹೋದರು.

ಆಮೇಲೆ ಎಪ್ಪತ್ತೈದು ಬಂತು. ತುರ್ತುಪರಿಸ್ಥಿತಿ ಅಂತ ಪ್ರಿನ್ಸಿಪಾಲರು ಹೆದರಿ, ನಿನ್ನ ವಾರ್ತೆ ನಿಲ್ಲಿಸಿದರು, ನಾಟಕ ನಿಲ್ಲಿಸಿದರು, ಕೊನೆಗೆ ಹವಾಮಾನವನ್ನೂ ತೋರಿಸಿಯೇ ಓದಬೇಕೆಂದರು. ಬಾಯಿಗೆ ಏನೂ ಉಳಿಯದೆ ಇದ್ದಾಗ ನಾವು ಕ್ಲಾಸಿಗೆ ಬಾರದವರ ಹೆಸರು ಹೇಳತೊಡಗಿದೆವು. ಮೂರು ದಿನ ಕಾಣದವರ ಹೆಸರು ಹೇಳಿ, ಅವರ ಗೆಳೆಯರು ಚೀಟಿಯಲ್ಲಿ ಬರೆದುಕೊಟ್ಟ ಸುದ್ದಿ ಓದುವುದು. ಆ ಊರಿನ ಬಸ್ಸು ಹತ್ತುವವರು ಕೇಳಿಕೊಂಡು ಹೋಗಿ ಮನೆಗೆ ಮುಟ್ಟಿಸುವುದು. ಮೊದಲ ಹೆಸರು ನಿನ್ನದೇ. ನಾಟಿಗೆಂದು ಮನೆಯಲ್ಲಿ ಉಳಿಸಿಕೊಂಡಿದ್ದರು. ಎರಡು ದಿನ ಬಿಟ್ಟು ನಿಮ್ಮ ಅಪ್ಪ ಜವರಯ್ಯನವರು ಕೆಸರುಗಾಲಲ್ಲೇ ಲ್ಯಾಬಿಗೆ ನುಗ್ಗಿದರು. "ನಮ್ ಹುಡ್ಗಿ ಹೆಸ್ರ ಊರ್ಗೆಲ್ಲ ಕೇಳಂಗೆ ಕೂಗ್ದೋರು ಯಾರ್ರೀ?" ಅಂದರು. ನಾನು ಮೇಜಿನ ಹಿಂದೆ ಅವಿತೆ. ಅವರು ಮೈಕನ್ನು ನೋಡಿ, "ಕೂಗದಾದ್ರೆ ಬೆಳಗೋಡು ಜವರಯ್ಯನ ಮಗಳು ಅಂತ ಸೇರ್ಸಿ ಕೂಗಿ. ಬರೀ ಸುಮಿತ್ರ ಅಂದ್ರೆ ಯಾರ್ಗ್ ಗೊತ್ತಾಯ್ತದೆ?" ಅಂದು ಹೋದರು. ಮಾರನೆಯ ದಿನವೇ ನಿನ್ನನ್ನು ಕಳಿಸಿದರು. ಇದನ್ನು ಚರಿತ್ರೆಯಲ್ಲಿ ಖಂಡಿತ ಹಾಕು.

ದೋಣಿಗಲ್ಲಿನ ಪಾಸ್ಕಲನ ಕಥೆಯನ್ನೂ ಹಾಕಬೇಕು. ಅವನಿಗೆ ಜ್ವರ, ಪ್ರಾಕ್ಟಿಕಲ್ ಪರೀಕ್ಷೆಯನ್ನು ಹೇಳಿದ ದಿನಕ್ಕಿಂತ ಮೊದಲೇ ಇಟ್ಟಿದ್ದರು, ನಾನು ಹಾರ್ನಿನಲ್ಲಿ ಸ್ಪಷ್ಟವಾಗಿ ಓದಿದೆ. ದೋಣಿಗಲ್ ಕಡೆಯವರು ಬಸ್ ತುಂಬ ಇದ್ದರು, ಎಲ್ಲರೂ ಕೇಳಿಸಿಕೊಂಡರು. ಇವರು ಹೇಳುತ್ತಾರೆ ಎಂದು ಅವರು, ಅವರು ಹೇಳುತ್ತಾರೆ ಎಂದು ಇವರು. ಒಬ್ಬರೂ ಹೇಳಲಿಲ್ಲ. ಅವನಿಗೆ ಒಂದು ವರ್ಷ ಹೋಯಿತು. "ಇಷ್ಟು ಜನ ಕೇಳಿದ್ರಲ್ಲ ಮಾರಾಯ್ರೇ, ಒಬ್ರಾದ್ರೂ ನಮ್ಮನೆ ಗೇಟಿನ ಹತ್ರ ಬಂದು ಕೂಗ್ಬಾರ್ದಾ?" ಅಂತ ಅವನು ಅತ್ತದ್ದನ್ನು ನೋಡಿ ನಾನೇ ನಿಯಮ ಮಾಡಿದೆ. ಮೊದಲು ಹೆಸರು ಮಾತ್ರ ಹೇಳುವುದು. ಒಯ್ಯುವವರು ಗೇಟಿನ ಹತ್ತಿರ ಕೊಡೆ ಎತ್ತಬೇಕು. ಲ್ಯಾಬಿನ ಕಿಟಕಿಯಿಂದ ನೋಡಿ "ಕೊಡೆ ಕಂಡಿತು" ಎಂದ ಮೇಲೆಯೇ ಸುದ್ದಿ ಓದುವುದು. ಒಯ್ಯುವವರಿಲ್ಲದಿದ್ದರೆ ಚೀಟಿ ಬಿಚ್ಚುವಂತೆಯೇ ಇಲ್ಲ, ಓದುವವರೇ ಒಯ್ಯುವಂತೆಯೂ ಇಲ್ಲ. ಜುಲೈ ತಿಂಗಳಲ್ಲಿ ಈ ನಿಯಮ ಮಾಡಿ ಎಂಥ ಪೇಚಿಗೆ ಸಿಕ್ಕೆವು! ಗೇಟಿನ ಮುಂದೆ ಇದ್ದ ಎಲ್ಲರ ತಲೆಯ ಮೇಲೂ ಕೊಡೆಯೇ. ಆಮೇಲೆ ಮಡಿಸಿದ ಕೊಡೆ ಎತ್ತಬೇಕೆಂದು ತಿದ್ದಿದೆವು, ಎತ್ತಿದವರು ತೊಯ್ದರು. ಬೇಸಗೆಗೆಂದು ಅಣ್ಣಯ್ಯ ಗೇಟಿನ ಎದುರಿನ ತನ್ನ ಬೀಡಿ ಅಂಗಡಿಯಲ್ಲಿ ಒಂದು ಹರಕು ಕೊಡೆ ತೂಗುಹಾಕಿದ. ಅದು ಇವತ್ತಿಗೂ ಅಲ್ಲೇ ಇದೆ.

ನೀನು ಮದುವೆಯಾಗಿ ಹೋದ ಮೇಲಿನದು ನಿನಗೆ ಗೊತ್ತಿಲ್ಲ. ಒಂದು ವರ್ಷ ರೇಡಿಯೋವನ್ನು ಅಧ್ಯಾಪಕರ ಸಮಿತಿ ವಹಿಸಿಕೊಂಡಿತು. ದಿನಾ ಶಿಸ್ತಿನ ಬಗ್ಗೆ ಭಾಷಣ. ಹುಡುಗರು ಗೇಟು ಬಿಟ್ಟು ಸೇತುವೆಯ ಹತ್ತಿರ ಹೋಗಿ ಬಸ್ ಹತ್ತತೊಡಗಿದರು. ಸಮಿತಿ ತಾನಾಗಿಯೇ ಬೀಗದಕೈಯನ್ನು ಹುಡುಗರಿಗೆ ವಾಪಸು ಕೊಟ್ಟಿತು. ಅಷ್ಟು ಹೊತ್ತಿಗೆ ನನಗೆ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು. ಮೈಕ್ ಮುಟ್ಟಲಿಲ್ಲ, ಅದು ಅವರದು. ಆದರೆ ಪ್ರತಿ ವರ್ಷ ಹೊಸಬರಿಗೆ ಕಲಿಸಿಕೊಟ್ಟೆ. ಹೆಸರನ್ನು ನಿಧಾನ ಹೇಳು, ಊರನ್ನು ಎರಡು ಸಲ ಹೇಳು, ಕೊಡೆ ಕಾಣದೆ ಸುದ್ದಿ ಓದಬೇಡ, ಯಾರಿಗಾಗಿಯೂ ನಿಯಮ ಮುರಿಯಬೇಡ. ಈ ವರ್ಷ ಹೆಸರು ಓದುವವಳು ಲಿಲಿಯನ್, ನಮ್ಮ ಮನೆಯ ಕೆಳಗಿನ ತಿರುವಿನ ಹುಡುಗಿ. ಒಳ್ಳೆಯ ಗಂಟಲು. ಮೊದಲು ದಿನಾ ನನ್ನ ಜೊತೆಯೇ ಸೇತುವೆ ದಾಟಿ ಮನೆಗೆ ಬರುತ್ತಿದ್ದಳು. ಈಗ ನಮ್ಮ ಗೇಟಿನ ಎದುರು ಬಂದಾಗ ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ. ಅವಳ ಅಮ್ಮ ಹೇಳಿರುತ್ತಾರೆ, ಮಗುವಿನ ತಪ್ಪಿಲ್ಲ.

ಸುಮಿ, ನಿನ್ನ ಹತ್ತಿರ ಮುಚ್ಚಿಡುವುದೇನು. ದಿನಾ ನಾಲ್ಕು ಗಂಟೆಗೆ ನಾನು ಕಿಟಕಿ ತೆರೆದು ಕುಳಿತುಕೊಳ್ಳುತ್ತೇನೆ. ಗಾಳಿ ಈ ಕಡೆ ಬೀಸಿದರೆ ಹಾರ್ನಿನ ಒಂದೊಂದು ಮಾತೂ ಕೇಳುತ್ತದೆ. ಆಲೂರಿನ ಯಾರಿಗೋ ಮಂಗನಬಾವು, ಬೆಳಗೋಡಿನ ಯಾರದೋ ಅಕ್ಕನ ಮದುವೆ. ಎಲ್ಲರ ಹೆಸರೂ ಬರುತ್ತದೆ. ನಾನು ಕಾಲೇಜು ಬಿಟ್ಟು ಎರಡು ತಿಂಗಳಾಯಿತು, ನನ್ನ ಹೆಸರು ಬಂದಿಲ್ಲ. ನಾನು ವಿದ್ಯಾರ್ಥಿ ಅಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಆದರೆ ಹೋದ ವರ್ಷ ಜವಾನ ಭೂತಯ್ಯ ಕಾಲು ಮುರಿದುಕೊಂಡಾಗ ಅವನ ಹೆಸರು ಕೂಗಿದ್ದರು. ಚಿಕ್ಕಮ್ಮ, "ಎಂಥದು ಮಾರಾಯ್ತಿ, ಕಿಟಕಿ ಹಾಕು, ಥಂಡಿಯಾಗ್ತದೆ" ಎಂದು ದಿನಾ ಬೈಯುತ್ತಾಳೆ. ನನಗೆ ಬೇರೆ ಏನೂ ಬೇಡ. ಸುದ್ದಿ ಎಂಥದಾದರೂ ಇರಲಿ, ಒಂದು ಸಲ ಆ ಹಾರ್ನಿನಲ್ಲಿ ನನ್ನ ಹೆಸರು ಕೇಳಬೇಕು. ಇಪ್ಪತ್ತೇಳು ವರ್ಷದ ಹೆಂಗಸಿಗೆ ಇದೊಂದು ಆಸೆಯೇ ಎಂದು ನೀನು ನಗಬಹುದು. ನಗು.

ನಾಲ್ಕಾಗುತ್ತ ಬಂತು. ಇವತ್ತು ಗಾಳಿ ಈ ಕಡೆಗೇ ಇದೆ. ನಿನ್ನ ಮಕ್ಕಳಿಗೆ ನನ್ನ ಮುತ್ತು. ದೊಡ್ಡವಳು ಅಪ್ಪನ ಮೂಗು ತಂದಿದ್ದರೂ ನಿನ್ನ ಗಂಟಲು ತರಲಿ. ದೇವರು ನಿಮ್ಮ ಮನೆಯ ಬಾಗಿಲಿಗೆ ಯಾವಾಗಲೂ ಜನ ಬರುವಂತೆ ಇಟ್ಟಿರಲಿ.

ನಿನ್ನ
ಡೊರಿನ್

ತಾ.ಕ.: ಭಾನುವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು.

ಶುಕ್ರವಾರ ಸಂಜೆ ನನ್ನ ಹೆಸರು ಬಂತು. ನಾಲ್ಕನೆಯ ಹೆಸರು. "ಗ್ರಂಥಾಲಯದ ಡೊರಿನ್ ಮೇಡಂ. ಹೊಳೆಯಾಚೆ. ಹೊಳೆಯಾಚೆ. ಒಯ್ಯುವವರು ಕೊಡೆ ಎತ್ತಿ." ನಾನು ಹೇಳಿಕೊಟ್ಟ ಹಾಗೆಯೇ, ಊರನ್ನು ಎರಡು ಸಲ. ಕಾಲೇಜಿನವರಿಗೆ ನಮ್ಮ ಬದಿಯೇ ಹೊಳೆಯಾಚೆ. ನಾನು ಖುಷಿಗೆ ಎದ್ದು ಕಿಟಕಿಯ ಸರಳು ಹಿಡಿದು ನಿಂತೆ. ಆಮೇಲೆ "ಕೊಡೆ ಕಂಡಿತು" ಅನ್ನುವ ಮಾತು ಬರಲಿಲ್ಲ. ಲಿಲಿಯನ್ ಮತ್ತೊಮ್ಮೆ ಕೇಳಿದಳು. ಮೂರನೆಯ ಸಲವೂ ಕೇಳಿದಳು. "ಹೊಳೆಯಾಚೆಯವ್ರು ಯಾರೂ ಇಲ್ವಾ? ನಾನು ಓದೋಳು, ನಾನೇ ಒಯ್ಯೋ ಹಾಗಿಲ್ಲ" ಅಂದಳು. ಹೊಳೆಯಾಚೆಯವರು ದಿನಾ ಹತ್ತು ಹನ್ನೆರಡು ಜನ ಅಲ್ಲಿ ನಿಂತಿರುತ್ತಾರೆ, ಸುಮಿ. ಎಲ್ಲರಿಗೂ ನಾನು ಪುಸ್ತಕ ಕೊಟ್ಟಿದ್ದೇನೆ. ಕೊನೆಗೆ "ಕೊಡೆ ಕಾಣಲಿಲ್ಲ" ಅಂದಳು. ಮುಂದಿನ ಹೆಸರು ಬೆಳಗೋಡಿನ ಗಿಡ್ಡಯ್ಯನವರ ಮಗನದು. ಅದಕ್ಕೆ ತಕ್ಷಣ ಕೊಡೆ ಕಂಡಿತು.

ನಾನು ಕಿಟಕಿಯಿಂದ "ನನಗೆ ಕೇಳ್ತಿದೆ, ಓದು" ಎಂದು ಕಿರುಚಿದೆ. ಕೆಮ್ಮು ಬಂದು ಕುಸಿದು ಕೂತೆ. ದೇವೀರಮ್ಮ ಹಿತ್ತಲಿನಿಂದ ಓಡಿ ಬಂದು, "ನಿಮ್ಮೆಸ್ರು ಕೂಗುದ್ರು ಕಣವ್ವ! ಕೇಳುಸ್ತಾ?" ಎಂದು ಹಿಗ್ಗಿದಳು. ಪಾಪ, ಅವಳಿಗೆ ನಿಯಮ ಗೊತ್ತಿಲ್ಲ. ಕೇಳಿಸಿತು ಅಂದೆ.

ನನ್ನ ಅಕ್ಷರ ಕೆಟ್ಟಿಲ್ಲ. ನಾನು ದೇವೀರಮ್ಮನ ಕೈಲಿ ಹಿಂತಿರುಗಿಸಿದ ಪುಸ್ತಕಗಳನ್ನು ಕಾಲೇಜಿನವರು ಕೋಲಿನಲ್ಲಿ ತಳ್ಳಿ ಬಿಸಿಲಿಗೆ ಹಾಕಿದರಂತೆ. ನನ್ನ ಕೈಯ ಕಾಗದವನ್ನು ಅವರು ಮುಟ್ಟುವುದಿಲ್ಲ, ಅದಕ್ಕೇ ಚರಿತ್ರೆಯನ್ನು ನಿನ್ನ ಅಕ್ಷರದಲ್ಲಿ ಬರೆ ಅಂದದ್ದು. ಚರಿತ್ರೆ ನಿಧಾನವಾಗಿ ಬರೆದರಾಯಿತು. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಆ ಚೀಟಿಯಲ್ಲಿ ನನಗೆ ಏನು ಬರೆದಿತ್ತು, ಬರೆದವರು ಯಾರು, ಅಷ್ಟು ಕೇಳಿ ತಿಪಟೂರಿನಿಂದ ಲಿಲಿಯನ್‌ಗೆ ಒಂದು ಕಾರ್ಡು ಹಾಕು. ಒಯ್ಯುವವಳು ನೀನು ಅಂತಾದರೆ ಅವಳು ಚೀಟಿ ಬಿಚ್ಚಬಹುದು. ಅವಳು ಹೇಳಿದ್ದನ್ನು ನನಗೆ ಬರೆದು ತಿಳಿಸು.