ನನ್ನ ಹೆಸರಿನ ಎಡೆ

ಶಿರಾ
19-9-1963

ಪ್ರೀತಿಯ ಅಣ್ಣನಿಗೆ ರುದ್ರಾಣಿಯ ನಮಸ್ಕಾರಗಳು.

ಹುಣ್ಣಾಗಿದ್ದ ಹೊಟ್ಟೆಯ ಮುಕ್ಕಾಲು ಭಾಗವನ್ನು ಡಾಕ್ಟರು ಕತ್ತರಿಸಿ ತೆಗೆದು ಐದು ತಿಂಗಳಾಯಿತು. ಗಾಯ ಮಾಗಿದೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೇ ಗಂಜಿ ಕುಡಿಯುತ್ತೇನೆ. ಮೈ ಅರ್ಧಕ್ಕೆ ಇಳಿದಿದೆ.

ಅತ್ತೆಗೆ ನನ್ನ ಗುರುತೇ ಹತ್ತುತ್ತಿಲ್ಲ. "ನಮ್ಮ ಸೊಸೆ ಎರಡು ಮುದ್ದೆ ಉಣ್ಣೋಳು ಕಣಮ್ಮ, ಬಾಗಿಲು ತುಂಬ ಇದ್ಲು. ಆಸ್ಪತ್ರೇಲೇ ಹೋಗ್ಬುಟ್ಳು. ನೀನ್ಯಾರು?" ಎನ್ನುತ್ತಾರೆ. ಇವರು ನಕ್ಕುಬಿಡುತ್ತಾರೆ. ಐದು ವರ್ಷದ ಮಗಳು ಗೌರಿ ನಗುವುದಿಲ್ಲ. ಅಜ್ಜಿಯ ಸೆರಗು ಬಿಟ್ಟು ನನ್ನ ಬಳಿ ಬರುವುದೂ ಇಲ್ಲ.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಅತ್ತೆ, ತೀರಿಕೊಂಡ ಮಾವನವರ ಎಡೆಯ ಪಕ್ಕದಲ್ಲೇ ನನ್ನ ಹಳೆಯ ಸೀರೆಯಿಟ್ಟು ಇನ್ನೊಂದು ಎಡೆ ಬಡಿಸಿದರು. "ವಯಸ್ಸಾದೋರು, ಹೋಗ್ಲಿ ಬುಡು" ಎಂದರು ಇವರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ನಾನೂ ನಿಂತೆ.

ಒಳಗೆ ಬಳೆಯ ಸದ್ದಾಯಿತು. ಯಾರೋ ಸೊರ್ರೆಂದು ಸಾರು ಹೀರುತ್ತಿದ್ದರು. ನಾನು ಹಾಗೆ ಉಣ್ಣುತ್ತೇನೆಂದು ನೀನು ಬೈಯುತ್ತಿದ್ದೆಯಲ್ಲ, ಅದೇ ಸದ್ದು. ಗೌರಿ ಬಾಗಿಲಿಗೆ ಕಿವಿಯಿಟ್ಟು "ಅಮ್ಮ" ಎಂದಳು.

ಬಾಗಿಲು ತೆಗೆದಾಗ ಮಾವನವರ ಎಡೆ ಇಟ್ಟ ಹಾಗೇ ಇತ್ತು. ನನ್ನ ಎಲೆ ಬರಿದಾಗಿತ್ತು.

ಭಾನುವಾರ ಕೊರಟಗೆರೆಯಿಂದ ಬೆಳಗಿನ ಬಸ್ಸಿಗೇ ಬಾ. ಹೊಸಿಲು ದಾಟಬೇಡ. ಹೊರಗೇ ನಿಂತು, ಚಿಕ್ಕಂದಿನಲ್ಲಿ ನೀನೊಬ್ಬನೇ ಕರೆಯುತ್ತಿದ್ದ ಹೆಸರಿನಿಂದ, ಗೌರಿಗೆ ಕೇಳುವ ಹಾಗೆ ನನ್ನನ್ನು ಕರೆ. ನಾನು ಅಂಗಳದಲ್ಲೇ ಕಾದಿರುತ್ತೇನೆ. ಒಳಗಿನಿಂದ ಉತ್ತರ ಬರುವ ಮೊದಲು ನಾನು ಓಗೊಡಬೇಕು.

ನಿನ್ನ ತಂಗಿ,
ರುದ್ರಾಣಿ