ಎರಡು ಮಡಕೆಗಳಿದ್ದ ಮನೆ

ಕೋ ತುನ್ ಅಣ್ಣಾ,

ನೀನು ಕಡಲಿನ ಮೀನುದೋಣಿಯ ಕೆಲಸಕ್ಕೆಂದು ಹೋಗಿ ಹನ್ನೊಂದು ವರ್ಷವಾಯಿತು. ನಿನ್ನ ವಿಳಾಸವಿಲ್ಲ, ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ಈ ಬೇಸಿಗೆಯಲ್ಲಿ ಮನೆಯ ಮುಂಭಾಗವನ್ನು ಹೊಸದು ಮಾಡಿಸಿದೆ. ಹಳೆಯ ತೇಗದ ಹಲಗೆಗಳನ್ನು ಕೀಳಿಸಿ, ಹೊರಗಿನಿಂದ ಕನ್ನಡಿಯಂತೆ ಕಾಣುವ ಗಾಜು ಹಾಕಿಸಿದೆ. ಮಂಡಾಲೆಯ ಬಿಸಿಲಲ್ಲಿ ದಾರಿಹೋಕರಿಗೆಂದು ಅಮ್ಮ ಸಾಯುವವರೆಗೂ ನೀರು ತುಂಬಿಡುತ್ತಿದ್ದಳಲ್ಲ, ಆ ಎರಡು ಮಡಕೆಗಳ ಕಟ್ಟೆ ಹೊಸ ಗೋಡೆಗೆ ಒಪ್ಪುವುದಿಲ್ಲ ಎಂದ ಮೇಸ್ತ್ರಿ. ಒಡೆಸಿಬಿಟ್ಟೆ. "ನನ್ನ ಮಗನಿಗೂ ಯಾರೋ ಹೀಗೇ ನೀರು ಕೊಡ್ತಿರ್ತಾರೆ" ಅನ್ನುತ್ತಿದ್ದಳು ಅಮ್ಮ.

ಇವತ್ತು ಎದುರಿನ ಚಹಾ ಅಂಗಡಿಗೆ ಹೋಗಿದ್ದೆ. ಅಂಗಡಿಯ ಮಾ ಸಾಂಡಾ ಈ ಬೀದಿಗೆ ಹೊಸಬಳು. ನಗುತ್ತಾ ಹೇಳಿದಳು:

"ಅಕ್ಕಾ, ಮೊನ್ನೆ ಒಬ್ಬ ಕುಂಟ ಬಂದು ಡಾ ಖಿನ್ ಓನ್ ಅನ್ನೋ ಅಮ್ಮನ ಮನೆ ಯಾವ್ದು ಅಂತ ಕೇಳ್ದ. ಬಾಗಿಲಲ್ಲಿ ಎರಡು ನೀರಿನ ಮಡಕೆ ಇರುತ್ತಂತೆ. ಆ ಹೆಸರಿನೋರು ಇಲ್ಲಿಲ್ಲಪ್ಪಾ, ಮಡಕೆ ಇಡೋ ಕಾಲ ಎಲ್ಲಿದೆ ಈಗ, ಅಂದೆ. ನಿಮ್ಮನೆ ಗಾಜು ನೋಡ್ಕೊಂಡು ಹೊರಟೋದ."

ಅದು ನಮ್ಮಮ್ಮನ ಹೆಸರು. ಚಹಾ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವನನ್ನು ನಾನೂ ನೋಡಿದ್ದೆ, ಅಣ್ಣಾ. ಒಳಗೇ ಕೂತಿದ್ದೆ. ಗಡ್ಡ ಬಿಟ್ಟವನೊಬ್ಬ ಗಾಜಿಗೆ ಅಂಗೈ ಒತ್ತಿ ಇಣುಕುತ್ತಿದ್ದ. ಅವನಿಗೆ ತನ್ನ ಮುಖವೇ ಕಂಡಿರಬೇಕು.

"ಏಯ್, ಗಾಜು ಕೊಳೆಯಾಗುತ್ತೆ, ಹೋಗಾಚೆ!" ಎಂದು ಒಳಗಿನಿಂದಲೇ ಗದರಿದೆ. ಅವನು ತಟ್ಟನೆ ಕೈ ತೆಗೆದ.

ಅವನು ಹೋದ ಮೇಲೆ ಹೊರಗೆ ಬಂದು, ಒದ್ದೆ ಬಟ್ಟೆಯಿಂದ ಆ ಕೈಗುರುತನ್ನು ಉಜ್ಜಿ ಉಜ್ಜಿ ಒರೆಸಿದೆ. ಈಗ ಹುಡುಕಿದರೆ, ಚೂರೂ ಉಳಿದಿಲ್ಲ.