ಸಿಹಿನೀರಲ್ಲಿ ತೊಳೆದ ಟ್ರೇಲರ್

ರೋವನ್,

ಒಳಗೇ ಮಲಗಿಕೊಂಡು ಊರೂರು ಸುತ್ತೋಕೆ ನಾವು ಕಟ್ಟಬೇಕು ಅಂದುಕೊಂಡಿದ್ದ ಕ್ಯಾಂಪರ್‌ಗೆ ಇವತ್ತು ಟ್ರೇಲರ್ ಗೊತ್ತುಮಾಡಿದೆ. ನಿನ್ನ ದೋಣಿಯದ್ದೇ.

ನಿನ್ನ ತಮ್ಮ ಕ್ಲೆಮ್ ಬೈದ. "ಅತ್ತಿಗೆ, ತಲೆ ಕೆಟ್ಟಿದೆಯಾ ನಿಂಗೆ? ದೋಣಿ ಇಳಿಸೋಕೆ ಉಪ್ಪುನೀರಲ್ಲಿ ಮುಳುಗಿಸ್ತಿದ್ದ ಗಾಡಿ ಇದು. ಒಳಗೊಳಗೇ ತುಕ್ಕು ತಿಂದಿರುತ್ತೆ."

ಆಮೇಲೆ ಅವನೇ ಟ್ರೇಲರ್ ಕೆಳಗೆ ನುಸುಳಿ, ಚಾಸಿಯ ಕಬ್ಬಿಣವನ್ನು ಉದ್ದಕ್ಕೂ ಸುತ್ತಿಗೆಯಿಂದ ಬಡಿದು ನೋಡಿದ. ಎಲ್ಲಾ ಕಡೆ ಗಟ್ಟಿ ಸದ್ದೇ ಬಂತು.

"ಪ್ರತಿಸಲ ಸಿಹಿನೀರಲ್ಲಿ ತೊಳೀತಿದ್ದ, ಪುಣ್ಯಾತ್ಮ," ಅಂದ.

ದೋಣಿ ಕೂರುತ್ತಿದ್ದ ರೋಲರ್‌ಗಳನ್ನು ಬಿಚ್ಚಿಹಾಕಿದೆವು. ಹಲಗೆ ಹಾಸೋಕೆ ಈಗ ಸಪಾಟಾಗಿದೆ.

"ಕೊನೇಸಲ ಮಾತ್ರ ಯಾರೂ ತೊಳೆದಿರಲ್ಲ, ಅಲ್ವಾ?" ಕ್ಲೆಮ್ ಕೇಳಿದ.

ತೊಳೆದಿದ್ದೆ. ಸಮುದ್ರದಲ್ಲಿ ನಿನ್ನ ಹುಡುಕಾಟ ನಿಲ್ಲಿಸಿದ ದಿನ ಪೋರ್ಟ್ ಲಿಂಕನ್ ದಡದಿಂದ ಖಾಲಿ ಟ್ರೇಲರ್ ಎಳೆದುಕೊಂಡು ಬಂದು, ಮೊದಲು ಅದನ್ನೇ ತೊಳೆದೆ. ನೀನು ಬಂದಮೇಲೆ ಬೈತೀಯ ಅಂತ.